ಫಿಲಿನ್ನಳ ಮದುವೆಕೊಡ

ಅಥೆನ್ಸಿನ ಕುಂಬಾರಗೇರಿಗೆ ಬಂದು ಫಿಲಿನ್ನ ಎಲ್ಲಿ ಎಂದು ಕೇಳಿದರೆ ‘ಯಾವ ಫಿಲಿನ್ನ?’ ಎನ್ನುತ್ತಿದ್ದರು. ಕಿವಿ ಫಿಲಿನ್ನ ಎಂದರೆ ಮಾತ್ರ ಕುರುಡನೂ ದಾರಿ ತೋರಿಸುತ್ತಿದ್ದ. ಅವಳ ಕಿವಿಗಳೇನೂ ದೊಡ್ಡವಲ್ಲ, ನಾಲಿಗೆ ಮಾತ್ರ ಸ್ವಲ್ಪ ಉದ್ದ. ಕೊಡ, ಹರವಿ, ಬಟ್ಟಲುಗಳಿಗೆ ಹಿಡಿದೆತ್ತುವ ಕಿವಿ ಹಚ್ಚುವುದು ಅವಳ ಕೆಲಸ. ಅಣ್ಣ ಮಾಂತಿಯಾಸ್ ತಿಗರಿಯ ಮೇಲೆ ಕೊಡದ ಮೈ ಎಬ್ಬಿಸಿ ನೆರಳಲ್ಲಿ ಇಡುತ್ತಿದ್ದ. ಮಣ್ಣು ಹಸಿ ಗಿಣ್ಣಿನ ಹದಕ್ಕೆ ಬಂದಾಗ ಫಿಲಿನ್ನ ಒದ್ದೆ ಕೈಯಲ್ಲಿ ಮಣ್ಣಿನ ಹುರಿ ಎಳೆದು, ಬಗ್ಗಿಸಿ, ಮೈಗೆ ಕೂಡಿಸಿ ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಆ ಒತ್ತಿನ ಗುರುತನ್ನು ಅವಳು ಉಜ್ಜಿ ಅಳಿಸುತ್ತಿರಲಿಲ್ಲ. ಬೇರೆಯವರು ಅಳಿಸುತ್ತಾರೆ, ಚಂದ ಕಾಣಲಿ ಎಂದು. ಇವಳದು ಇವಳದೇ.

“ಚಿತ್ರ ಬರೆಯೋನಿಗೆ ಹೆಸರು, ಮೈ ಎಬ್ಬಿಸೋನಿಗೆ ಹೆಸರು. ಕಿವಿ ಹಚ್ಚೋಳ ಹೆಸರು ಜನಕ್ಕೆ ನೆನಪಾಗೋದು ಕಿವಿ ಕಿತ್ಕೊಂಡು ಬಂದ ದಿನ ಮಾತ್ರ” ಎಂದು ಅವಳು ಹೇಳುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳ ಕೈಯ ಕಿವಿ ಕಿತ್ತು ಬಂದದ್ದನ್ನು ನಮ್ಮ ಕೇರಿಯಲ್ಲಿ ನೋಡಿದವರಿಲ್ಲ.

ನೀರಿನ ಕೊಡ ಕೊಳ್ಳಲು ಹೆಂಗಸರು ಬಂದರೆ ಅವರಿಗೆ ಮೊದಲು ಪರೀಕ್ಷೆ.

“ತಲೆ ಮೇಲೆ ಹೊರ್ತೀಯೋ, ಸೊಂಟದ ಮೇಲೋ?”

“ತಲೆ ಮೇಲೆ ಕಣಕ್ಕ.”

“ಹಾಗಾದ್ರೆ ಇದು ಬೇಡ, ಆ ಕಡೇದು ತಗೋ. ಪಕ್ಕದ ಎರಡು ಕಿವಿ ಎತ್ತೋಕೆ, ಹಿಂದಿನದೊಂದು ಬಗ್ಗಿಸೋಕೆ. ಬಗ್ಗಿಸೋ ಕಿವೀಲಿ ಹಿಡಿದು ಎತ್ತಿ, ಆಮೇಲೆ ಫಿಲಿನ್ನ ಕೊಟ್ಟ ಕೊಡ ಭಾರ ಅಂತ ಬೀದೀಲಿ ಹೇಳ್ಕೊಂಡು ತಿರುಗಬೇಡ.”

ಗಂಡಸರ ಬಟ್ಟಲುಗಳನ್ನು ಅವಳು ಇನ್ನೊಂದು ಬಗೆಯಲ್ಲಿ ಪರೀಕ್ಷಿಸುತ್ತಿದ್ದಳು. ಔತಣದಲ್ಲಿ ಮೊಣಕೈ ಊರಿ ಒರಗಿದ ಗಂಡಸು ಚಪ್ಪಟೆ ಬಟ್ಟಲಿನ ಕಿವಿಗೆ ಒಂದೇ ಬೆರಳು ಸಿಕ್ಕಿಸಿ, ತಳದಲ್ಲಿ ಉಳಿದ ದ್ರಾಕ್ಷಾರಸವನ್ನು ಗುರಿಯಿಟ್ಟು ಚಿಮ್ಮುತ್ತಾನೆ, ಅದೊಂದು ಆಟ. ಆ ಬೆರಳಿಗೆ ಕಿವಿ ಒಗ್ಗಬೇಕಲ್ಲ. ಫಿಲಿನ್ನ ಕೆಲಸದ ಮನೆಯ ಬೆಂಚಿನ ಮೇಲೆ ಕುಡುಕನಂತೆ ಒರಗಿ, ಬಟ್ಟಲಲ್ಲಿ ನೀರು ಹಾಕಿಕೊಂಡು, ಗೋಡೆಯ ಗೂಟಕ್ಕೆ ಗುರಿಯಿಟ್ಟು ಚಿಮ್ಮುತ್ತಿದ್ದಳು. ಹತ್ತಕ್ಕೆ ಒಂಬತ್ತು ಸಲ ತಾಗುತ್ತಿತ್ತು.

“ಯಾರಾದ್ರೂ ನೋಡಿದ್ರೆ ಏನಂತಾರೆ ಕಣೇ” ಎನ್ನುತ್ತಿದ್ದಳು ಅತ್ತಿಗೆ ಗ್ಲುಕೆ.

“ಗುರಿ ಚೆನ್ನಾಗಿದೆ ಅಂತಾರೆ ಅತ್ತಿಗೆ.”

ಹೀಗೆ ನಗುನಗುತ್ತ ಮೂವತ್ತಾರು ವರ್ಷ ಮುಟ್ಟಿದ್ದಳು ಫಿಲಿನ್ನ. ಮದುವೆಯಾಗಿರಲಿಲ್ಲ. ಹದಿನಾಲ್ಕಕ್ಕೆ ಗೊತ್ತಾಗಿದ್ದ ಹುಡುಗ ಹಡಗಿನಲ್ಲಿ ಹೋದವನು ಬರಲಿಲ್ಲ. ಅದರ ಹಿಂದೆಯೇ ಅಪ್ಪ ತೀರಿಕೊಂಡ. ಆಮೇಲೆ ಕೆಲಸ ಅವಳನ್ನು ಹಿಡಿದುಕೊಂಡಿತು, ಅವಳು ಕೆಲಸವನ್ನು ಹಿಡಿದುಕೊಂಡಳು. ವರ್ಷಗಳು ಯಾರಪ್ಪನ ಮನೆಯವು, ಹೇಳದೆ ಕೇಳದೆ ಹೋದವು.

ಉಳಿದದ್ದು ಒಂದು ಕೊಡ. ಮಡಕೆ ಸುಡುವ ಆವಿಗೆಯ ಪಕ್ಕದ ಕೋಣೆಯಲ್ಲಿ ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲೆ ಅದು ಇಪ್ಪತ್ತೆರಡು ವರ್ಷದಿಂದ ನಿಂತಿತ್ತು. ಅದು ಮದುವೆಕೊಡ. ಮೊಣಕಾಲಿಗಿಂತ ಎತ್ತರ, ಸಣ್ಣ ಸೊಂಟ, ಕೊಕ್ಕರೆಯ ಹಾಗೆ ಉದ್ದ ಕುತ್ತಿಗೆ, ಕುತ್ತಿಗೆಯ ಎರಡು ಪಕ್ಕಕ್ಕೂ ಉದ್ದನೆಯ ಕಿವಿ. ಮದುವೆಯ ದಿನ ಕಲ್ಲಿರೋಯೆ ಚಿಲುಮೆಯಿಂದ ಅಂಥ ಕೊಡದಲ್ಲಿ ನೀರು ತಂದು ಹೆಣ್ಣಿಗೆ ಮೀಯಿಸಬೇಕು. ಹಾಗೆ ಮಿಂದವಳೇ ಮದುಮಗಳು. ಮದುವೆ ಕಾಣದೆ ಸತ್ತವಳಿಗೆ ಅದೇ ಕೊಡ ಗೋರಿಯ ಮೇಲೆ ನಿಲ್ಲುತ್ತದೆ. ಆಗ ಅದರ ತಳ ತೆಗೆದುಬಿಡುತ್ತಾರೆ, ಮೇಲಿಂದ ಸುರಿದ ನೀರು ಹಾಗೆಯೇ ಮಣ್ಣಿಗಿಳಿದು ಅವಳನ್ನು ಮುಟ್ಟಲಿ ಎಂದು. ಕುಂಬಾರನಿಗೆ ಎರಡೂ ಒಂದೇ ಕೆಲಸ, ಕೊನೆಯಲ್ಲೊಂದು ಉಳಿಯ ಏಟು ಮಾತ್ರ ಹೆಚ್ಚು.

ಈ ಕೊಡ ಅಪ್ಪ ಎಬ್ಬಿಸಿದ ಕೊನೆಯ ದೊಡ್ಡ ಕೊಡ. ಕಿವಿ ಹಚ್ಚಿದ್ದು ಹದಿನಾಲ್ಕರ ಫಿಲಿನ್ನ. ಅದು ಅವಳು ಹಚ್ಚಿದ ಮೊದಲ ಕಿವಿ. ಹೆಬ್ಬೆರಳಿನ ಗುರುತು ಚಿಕ್ಕದು, ಸ್ವಲ್ಪ ಓರೆ. “ನನ್ನ ಮದುವೆ ದಿನವೇ ಇದನ್ನ ಇಳಿಸೋದು, ಅಲ್ಲೀತನಕ ನಾನು ಮುಟ್ಟಲ್ಲ” ಎಂದು ಆಗ ಆಡಿದ್ದಳು. ಆಡಿದ್ದನ್ನು ಉಳಿಸಿಕೊಂಡಿದ್ದಳು. ಗ್ಲುಕೆಗೆ ಅಂಥ ಹಟವೇನಿರಲಿಲ್ಲ. ಕೊಡದ ಬಾಯಿಗೆ ಚಿಂದಿ ತುರುಕಿ, ಉದ್ದ ಕಿವಿಗಳಿಗೆ ಬೆಳ್ಳುಳ್ಳಿ ಗೊಂಚಲು ನೇತುಹಾಕುತ್ತಿದ್ದಳು. ಹಬ್ಬಹರಿದಿನಕ್ಕೆ ಬಂದ ಕೆಲವು ಮುದುಕಿಯರು ಅದನ್ನು ನೋಡಿ ನಿಟ್ಟುಸಿರು ಬಿಟ್ಟು, “ಪಾಪ, ಎಲ್ಲಿ ನಿಲ್ಲಬೇಕಾದ ಕೊಡ, ಕೊನೆಗೆ ಎಲ್ಲಿ ನಿಲ್ಲುತ್ತೋ” ಎನ್ನುತ್ತಿದ್ದರು. ಫಿಲಿನ್ನ ಕೇಳಿಯೂ ಕೇಳದವಳ ಹಾಗೆ ಇರುತ್ತಿದ್ದಳು. ರಾತ್ರಿ ಹಾಸಿಗೆಯಲ್ಲಿ ಮಾತ್ರ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅದು ತನ್ನ ಗೋರಿಯ ಮೇಲೆ ನಿಲ್ಲಬಾರದು. ಅವಳಿಗೆ ಬೇಕಿದ್ದದ್ದು ಇಷ್ಟೇ, ಮತ್ತು ಇಷ್ಟನ್ನೂ ಯಾರಿಗೂ ಹೇಳಿರಲಿಲ್ಲ.

ಇಂಥ ಹೊತ್ತಿನಲ್ಲಿ ಎಣ್ಣೆ ಅಂಗಡಿಯ ಲಾಂಪೋನ್ ಜಗಳಕ್ಕೆಂದು ಬಂದ. ಹೆಂಡತಿ ಸತ್ತು ಮೂರು ವರ್ಷವಾಗಿದ್ದ ದಪ್ಪ ಹೊಟ್ಟೆಯ, ಮೆದು ದನಿಯ ಮನುಷ್ಯ. ಕೈಯಲ್ಲಿ ಗೋರಿಗೆ ಒಯ್ಯುವ ಬಿಳಿ ಎಣ್ಣೆಗಿಂಡಿ.

“ಅಮ್ಮಾ, ಈ ಗಿಂಡಿ ಮೋಸ ಮಾಡ್ತಿದೆ. ನೋಡೋಕೆ ಇಷ್ಟುದ್ದ ಇದೆ, ಎರಡು ಗುಟುಕು ಎಣ್ಣೆ ಹುಯ್ಯೋದರಲ್ಲಿ ಬಾಯ್ತನಕ ಬಂತು.”

“ಮೋಸ ಅಲ್ಲ, ಅದು ಮರ್ಯಾದೆ. ಕುತ್ತಿಗೆ ಕೆಳಗೆ ಒಳಗಡೆ ಪುಟಾಣಿ ಕುಡಿಕೆ ಇದೆ, ಎಣ್ಣೆ ಅಲ್ಲೇ ನಿಲ್ಲುತ್ತೆ. ನೋಡೋರಿಗೆ ತುಂಬಿದೆ ಅನ್ನಿಸಿದ್ರೆ ಸಾಕು. ಸತ್ತೋರು ಅಳತೆ ಹಾಕೋಕೆ ಎದ್ದು ಬರ್ತಾರಾ?”

“ನೀವು ನಮ್ಮನೆಯೋಳನ್ನ ನೋಡಿಲ್ಲ” ಎಂದ ಲಾಂಪೋನ್. “ಬದುಕಿದ್ದಾಗ ಅಳತೆ ಹಾಕದೆ ಒಂದು ಹನಿ ಬಿಟ್ಟೋಳಲ್ಲ. ಈಗ್ಲೂ ಬಿಡಲ್ಲ.”

ಫಿಲಿನ್ನಳಿಗೆ ತಡೆಯಲಾರದ ನಗು ಬಂತು. ನಕ್ಕಮೇಲೆ, ಅಯ್ಯೋ, ಸತ್ತವಳ ವಿಷಯಕ್ಕೆ ನಕ್ಕೆನಲ್ಲ ಎಂದು ನಾಲಿಗೆ ಕಚ್ಚಿಕೊಂಡಳು. ನೋಡಿದರೆ ಅವನೂ ನಗುತ್ತಿದ್ದ, ಕಣ್ಣು ಒದ್ದೆಯಾಗಿತ್ತು. ಒಳಗೆ ಕುಡಿಕೆಯಿಲ್ಲದ, ತಳದವರೆಗೂ ತುಂಬುವ ಗಿಂಡಿಯೊಂದನ್ನು ಹುಡುಕಿ ಕೊಟ್ಟಳು. “ತಗೊಳ್ಳಿ, ಅಳತೆ ಸರಿಹೋಗಲಿ.”

ಅಲ್ಲಿಂದ ಮುಂದೆ ಲಾಂಪೋನನ ಅಂಗಡಿಯಲ್ಲಿ ಎಣ್ಣೆ ಹರವಿಗಳ ಕಿವಿ ಮುರಿಯತೊಡಗಿತು. ಎಂಟು ದಿನಕ್ಕೊಂದು ಮುರಿಯಿತು, ಆಮೇಲೆ ನಾಲ್ಕು ದಿನಕ್ಕೊಂದು. ಆ ವರ್ಷ ಅವನೊಬ್ಬನ ಅಂಗಡಿಯಲ್ಲಿ ಮುರಿದಷ್ಟು ಕಿವಿ ಬಂದರಿನಲ್ಲೂ ಮುರಿಯಲಿಲ್ಲ. ಮುರಿದದ್ದನ್ನು ಹೊತ್ತುಕೊಂಡು ಅವನೇ ಬರುತ್ತಿದ್ದ, ಆಳನ್ನು ಕಳಿಸುತ್ತಿರಲಿಲ್ಲ. ಫಿಲಿನ್ನ ಒಂದು ದಿನ ಮುರಿದ ಅಂಚಿನ ಮೇಲೆ ಬೆರಳಾಡಿಸಿ ನೋಡಿದಳು.

“ಬಿದ್ದು ಮುರಿದದ್ದಲ್ಲ ಇದು. ಕಲ್ಲಲ್ಲಿ ಕುಟ್ಟಿದ್ದು.”

ಲಾಂಪೋನ್ ಕೆಂಪಗಾದ.

“ಮುಂದಿನ ಸಲ ಇಡೀ ಹರವೀನೇ ತನ್ನಿ, ನಾನೇ ಮುರ್ಕೊಡ್ತೀನಿ. ನಿಮಗ್ಯಾಕೆ ಆ ಶ್ರಮ.”

ಮಾರನೆಯ ದಿನ ಅವನು ಹರವಿಯಿಲ್ಲದೆ ಬಂದು ಮಾಂತಿಯಾಸನ ಜೊತೆ ಮಾತಾಡಿದ. ಒಂದೇ ಬೈಠಕ್ಕಿನಲ್ಲಿ ಮಾತು ಮುಗಿಯಿತು. ಮದುವೆಯ ತಿಂಗಳಲ್ಲಿ, ಹುಣ್ಣಿಮೆಗೆ ಮೊದಲು, ಎಂದು ಗೊತ್ತಾಯಿತು. ನಮ್ಮಲ್ಲಿ ಮದುವೆಯ ತಿಂಗಳೂ ಹಲ್ಲು ಕಟಕಟಿಸುವ ಚಳಿಯ ತಿಂಗಳೂ ಒಂದೇ. ದೇವರು ಇಟ್ಟ ಹಾಗೆ.

ಸುದ್ದಿ ಕೇಳಿ ಕೇರಿಯೇ ನಕ್ಕು ಹಗುರಾಯಿತು. ಆದರೆ ಫಿಲಿನ್ನ “ಅಣ್ಣ, ಇನ್ನು ನನ್ನ ಕೊಡ ಇಳಿಸು” ಎಂದಾಗ ಮಾಂತಿಯಾಸ್ ಮಾತ್ರ ನಗಲಿಲ್ಲ.

“ಅದು ಹಳೇದಾಯ್ತು ಕಣೆ. ಹೊಸದು ಮಾಡ್ಕೊಡ್ತೀನಿ.”

“ನನಗೆ ಹೊಸದು ಬೇಡ.”

ಬೇಡ ಎಂದರೂ ಮಾಡಿದ. ಒಂದಲ್ಲ, ಮೂರು. ಒಂದಕ್ಕಿಂತ ಒಂದು ಚಂದ. ಜೀವಮಾನದಲ್ಲೇ ಅಂಥ ಕೆಲಸ ಅವನ ಕೈಯಿಂದ ಬಂದಿರಲಿಲ್ಲ. ಹಳೆಯದರ ಚಿತ್ರ ಈಗಿನ ಕಾಲದ್ದಲ್ಲ ಎಂದ. ಒಳಗೆ ಇಲಿ ಗೂಡು ಕಟ್ಟಿದೆ ಎಂದ. ಬೆಳ್ಳುಳ್ಳಿ ವಾಸನೆ ಹೋಗುವುದಿಲ್ಲ, ಬೀಗರು ಏನಂದುಕೊಳ್ಳುತ್ತಾರೆ ಎಂದ. ದಿನಕ್ಕೊಂದು ನೆಪ. ಹೀಗೆ ಅಡ್ಡಾದಿಡ್ಡಿ ಮಾತಾಡುವ ಮನುಷ್ಯನೇ ಅಲ್ಲ ಅವನು.

ಫಿಲಿನ್ನಳಿಗೆ ಒಳಗೊಳಗೇ ನೋವಾಯಿತು. ಅಣ್ಣನಿಗೆ ಈ ಮದುವೆ ಇಷ್ಟವಿಲ್ಲ, ತಾನು ಹೋದರೆ ಕಿವಿ ಹಚ್ಚುವವರಿಲ್ಲ ಎಂದು ಅವನ ಲೆಕ್ಕ, ಎಂದುಕೊಂಡಳು. ಮನಸ್ಸಿನಲ್ಲಿಟ್ಟುಕೊಳ್ಳುವ ಜಾತಿಯಲ್ಲ ಅವಳದು. ಊಟದ ಹೊತ್ತಿಗೆ, ಬೇಳೆ ಸಾರಿನ ಬಟ್ಟಲು ಮುಂದಿಟ್ಟುಕೊಂಡು ಆಡಿಯೇಬಿಟ್ಟಳು.

“ಕೊಡ ಹಳೇದು ಅಂತ ಸುತ್ತಿ ಬಳಸಿ ಯಾಕೆ ಹೇಳ್ತೀಯ? ನಾನು ಹಳೇಳು, ನನಗೆ ಈ ವಯಸ್ಸಲ್ಲಿ ಇದೆಲ್ಲ ಯಾಕೆ ಅಂತ ನೇರ ಹೇಳು. ಅಪ್ಪ ಮಾಡಿದ್ದು ಅದು. ಅದರಲ್ಲಿ ಮೀಯದಿದ್ರೆ ನಾನು ಮೀಯೋದೇ ಬೇಡ, ಮದುವೇನೂ ಬೇಡ.”

ಮಾಂತಿಯಾಸನ ಮುಖದ ರಕ್ತ ಇಳಿಯಿತು. ರೊಟ್ಟಿ ಕೆಳಗಿಟ್ಟ.

“ಆಯ್ತು” ಎಂದ ಕೊನೆಗೆ. “ಆದ್ರೆ ಅದನ್ನ ನಾನೇ ಇಳಿಸ್ತೀನಿ, ನಾನೇ ಹೊರ್ತೀನಿ. ನೀರು ತರೋತನಕ ನೀನು ಮುಟ್ಟಬಾರದು.”

ಎರಡು ದಿನ ಅವನು ಆವಿಗೆಯ ಕೋಣೆಯ ಬಾಗಿಲು ಹಾಕಿಕೊಂಡು ಒಳಗಿದ್ದ. ಒಳಗಿನಿಂದ ಕಾಸಿದ ಪೈನ್ ರಾಳದ ವಾಸನೆ ಬರುತ್ತಿತ್ತು. ಹರವಿಗಳ ಒಳಮೈಗೆ ರಾಳ ಬಳಿಯುತ್ತಿರಬೇಕು ಎಂದುಕೊಂಡಳು ಫಿಲಿನ್ನ. ಅವಳಿಗೆ ಬೇರೆ ಯೋಚನೆಗಳಿದ್ದವು.

ಅದರಲ್ಲಿ ಒಂದು ಯೋಚನೆ ಲಾಂಪೋನನ ತಾಯಿ ಹಬ್ರೋ. ಆಕೆ ಶಕುನದ ಹೆಂಗಸು. ಹೊರಟಾಗ ಯಾರಾದರೂ ಸೀನಿದರೆ ವಾಪಸು, ಬೆಕ್ಕು ಅಡ್ಡ ಹೋದರೆ ವಾಪಸು, ಕನಸಿನಲ್ಲಿ ಹಲ್ಲು ಬಿದ್ದರೆ ಮೂರು ದಿನ ಮನೆಯಿಂದ ಆಚೆ ಕಾಲಿಡುತ್ತಿರಲಿಲ್ಲ. “ನೀರಿನ ಶಾಸ್ತ್ರ ನಾನೇ ಮುಂದೆ ನಿಂತು ನೋಡ್ತೀನಿ” ಎಂದು ಆಕೆ ಮದುವೆಯ ದಿನ ಬೆಳಗ್ಗೆಯೇ ಬಂದಳು.

ಸಾಮಾನ್ಯವಾಗಿ ಮದುವೆಕೊಡ ಹೊರುವುದು ಮಕ್ಕಳು. ಈ ಸಲ ಹೊತ್ತದ್ದು ನರೆತ ಗಡ್ಡದ, ಐವತ್ತರ ಹತ್ತಿರದ ಮಾಂತಿಯಾಸ್. ಕೂಸನ್ನೆತ್ತಿಕೊಂಡವನ ಹಾಗೆ ಎರಡೂ ಕೈಯಲ್ಲಿ ಅಪ್ಪಿಕೊಂಡು, ಗಂಭೀರವಾಗಿ, ಕೊಳಲಿನವಳ ಹಿಂದೆ ಹೊರಟ. ಹಿಂದೆ ಹಬ್ರೋ, ಅವಳ ಹಿಂದೆ ತಮ್ಮ ತಮ್ಮ ಕೊಡ ಹಿಡಿದ ಕೇರಿಯ ಏಳು ಹೆಂಗಸರು.

“ಮದುಮಗಳು ಯಾರಪ್ಪ ಇವತ್ತು, ಮಾಂತಿಯಾಸಾ?” ಎಂದಳು ಒಬ್ಬಳು.

“ಗಡ್ಡ ಬೋಳಿಸಿದ್ರೆ ಪರವಾಗಿಲ್ಲ, ವರ ಸಿಗ್ತಾನೆ” ಎಂದಳು ಇನ್ನೊಬ್ಬಳು.

ಫಿಲಿನ್ನ ಅಂಗಳದಲ್ಲಿ ಕೂದಲು ಬಿಚ್ಚಿಕೊಂಡು ಕೂತಳು. ಒಲೆಯ ಮೇಲೆ ಎಳ್ಳು ಜೇನಿನ ಪಾಕ ಕುದಿಯುತ್ತಿತ್ತು. ಅದರ ಘಮಕ್ಕೆ ಅವಳ ಮನಸ್ಸು ಹದಿನಾಲ್ಕರ ಹುಡುಗಿಯದಾಗಿ, ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಚಿಲುಮೆಯ ಹತ್ತಿರ ನಡೆದದ್ದನ್ನು ಆಮೇಲೆ ಹತ್ತು ಜನ ಹತ್ತು ಬಗೆಯಾಗಿ ಹೇಳಿದರು. ಎಲ್ಲ ಕೂಡಿಸಿ ನೋಡಿದರೆ ಇಷ್ಟು. ಕೊಡ ತುಂಬಿತು. ಮಾಂತಿಯಾಸ್ ಅದನ್ನು ಹೆಗಲಿಗೇರಿಸಿದ. ನೂರು ಹೆಜ್ಜೆಯೂ ಆಗಿರಲಿಲ್ಲ, ಟಕ್ ಎಂದಿತು. ಹೋಳಿಗೆಯಗಲದ ದುಂಡನೆಯ ಬಿಲ್ಲೆಯೊಂದು ಕೊಡದ ಅಡಿಯಿಂದ ಕಳಚಿ ಅವನ ಪಾದದ ಮೇಲೆ ಬಿತ್ತು. ಹಿಂದೆಯೇ ಆ ಮಂಜಿನಂಥ ನೀರಷ್ಟೂ ಒಂದೇ ಏಟಿಗೆ ಅವನ ಕುತ್ತಿಗೆಯಿಂದ ಇಳಿದು ಬೆನ್ನು, ಸೊಂಟ, ಕಾಲು ಎಲ್ಲವನ್ನೂ ತೋಯಿಸಿ ಬೀದಿಗೆ ಹರಿಯಿತು. ಮುಂದೆ ನೋಡುತ್ತಿದ್ದ ಕೊಳಲಿನವಳಿಗೆ ಏನೂ ಗೊತ್ತಾಗದೆ ಅವಳು ಇನ್ನಷ್ಟು ದೂರ ಊದಿಕೊಂಡೇ ಹೋದಳು. ಹೆಂಗಸರು ತಡೆಯಲಾರದೆ ನಕ್ಕರು. ಹಬ್ರೋ ನಗಲಿಲ್ಲ. ಬಗ್ಗಿ ಬಿಲ್ಲೆ ಎತ್ತಿಕೊಂಡಳು. ಅದರ ಅಂಚಿನಲ್ಲಿ ಒಡೆದ ರಾಳ ಅಂಟಿತ್ತು. ಕೊಡವನ್ನು ಓರೆ ಮಾಡಿ ಒಳಗೆ ನೋಡಿದಳು. ಒಡೆದ ತೂತಲ್ಲ ಅದು. ಉಳಿಯಿಂದ ದುಂಡಗೆ ತೆಗೆದದ್ದು. ಅಂಥ ತೂತು ಯಾಕೆ ತೆಗೆಯುತ್ತಾರೆ ಎಂದು ಅಥೆನ್ಸಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಗು ನಿಂತುಹೋಯಿತು.

ಅಂಗಳದ ಬಾಗಿಲು ತೆರೆದಾಗ ಫಿಲಿನ್ನ ಎದ್ದು ನಿಂತಳು. ಕೊಳಲಿಲ್ಲ, ಹಾಡಿಲ್ಲ. ಅಣ್ಣ ತೊಟ್ಟಿಕ್ಕುತ್ತ, ನಡುಗುತ್ತ, ಖಾಲಿ ಕೊಡ ಅಪ್ಪಿಕೊಂಡು ಬಂದ. ಹಬ್ರೋ ಬಿಲ್ಲೆಯನ್ನು ಅವಳ ಮುಂದೆ ಹಿಡಿದಳು.

“ಗೋರಿ ಕೊಡದಲ್ಲಿ ಮಿಂದು ನನ್ನ ಮನೆಗೆ ಬರಬೇಕು ಅಂತಿದ್ದೆಯೇನಮ್ಮ? ಒಬ್ಬಳು ಸೊಸೇನ ಮಣ್ಣಿಗೆ ಕೊಟ್ಟವಳು ನಾನು. ಇವತ್ತು ಈ ಮದುವೆ ನಡೆಯಲ್ಲ.”

ಫಿಲಿನ್ನ ಆಕೆಯ ಕಡೆ ತಿರುಗಲಿಲ್ಲ. ಅಣ್ಣನ ಮುಖ ನೋಡಿದಳು.

“ಅಣ್ಣ, ಏನಿದು?”

ಮಾಂತಿಯಾಸ್ ನಿಂತಲ್ಲೇ ಕುಕ್ಕರಿಸಿದ. ಹಲ್ಲು ಕಟಕಟಿಸುತ್ತಿದ್ದುದರಿಂದ ಮಾತು ತುಂಡುತುಂಡಾಗಿ ಬಂತು.

“ಹತ್ತು ವರ್ಷದ ಹಿಂದೆ ನಿನಗೆ ಆ ಜ್ವರ ಬಂತಲ್ಲ. ಕಣ್ಣು ಬಿಡ್ತಿರಲಿಲ್ಲ ನೀನು. ವೈದ್ಯ ಬೆಳಗಾಗೋದರಲ್ಲಿ ಮುಗಿಯುತ್ತೆ ಅಂದ. ಬೇರೆಯವರ ಕೈಲಿ ಈ ಕೊಡದ ತಳ ತೆಗೆಸೋಕೆ ನನಗೆ ಮನಸ್ಸು ಬರಲಿಲ್ಲ. ಇಳಿಸಿ, ನಾನೇ ತೆಗೆದೆ. ತೆಗೆದು ಈಚೆ ಬಂದ್ರೆ ನೀನು ಎದ್ದು ಕೂತು ಗಂಜಿ ಕೇಳ್ತಿದ್ದೆ.” ಮೂಗೊರೆಸಿಕೊಂಡ. “ಆ ಸಂತೋಷದಲ್ಲಿ ನಾಲ್ಕು ದಿನ ಅದರ ನೆನಪೇ ಬರಲಿಲ್ಲ. ಆಮೇಲೆ ಹೇಗೆ ಹೇಳಲಿ? ಉಸಿರಿರೋವಾಗಲೇ ತಂಗೀನ ಹೂತುಬಿಟ್ಟೆ ಅಂತ ಹೇಗೆ ಹೇಳಲಿ ಕಣೆ? ತೂತಿನ ಅಳತೆಗೆ ಹೊಸ ಬಿಲ್ಲೆ ಮಾಡಿ ಸುಟ್ಟು, ರಾಳ ಹಾಕಿ ಕೂರಿಸಿ, ಮೇಲಿಟ್ಟುಬಿಟ್ಟೆ. ಮೊನ್ನೆ ಮತ್ತೆ ಹೊಸ ರಾಳ ಹಾಕಿದೆ. ರಾತ್ರಿಯೆಲ್ಲ ನೀರು ತುಂಬಿಸಿಟ್ಟು ನೋಡಿದೆ, ಒಂದು ಹನಿ ಸೋರಲಿಲ್ಲ.”

“ಎಲ್ಲಿಟ್ಟು ನೋಡಿದೆ?”

“ಆವಿಗೆ ಪಕ್ಕದಲ್ಲಿ.”

ಮೂವತ್ತು ವರ್ಷ ಕುಂಬಾರಿಕೆ ಮಾಡಿದವನು. ಬೆಚ್ಚಗಿನ ಆವಿಗೆಯ ಮಗ್ಗುಲಲ್ಲಿ ರಾಳ ಮೆತ್ತಗೆ ಕಚ್ಚಿಕೊಂಡಿರುತ್ತದೆ, ಚಳಿನೀರು ತಾಗಿದರೆ ಗಾಜಿನಂತೆ ಸಿಡಿಯುತ್ತದೆ ಎಂದು ಹೊಸಬರಿಗೆಲ್ಲ ಬೈದು ಕಲಿಸಿದವನು. ತಂಗಿಯ ಮದುವೆ ಎಂದರೆ ಬುದ್ಧಿ ಹೀಗೂ ಮೇಯಲು ಹೋಗುತ್ತದೆ.

ಫಿಲಿನ್ನ ಅವನ ತೋಳಿನಿಂದ ಕೊಡ ಬಿಡಿಸಿಕೊಂಡಳು. ಇಪ್ಪತ್ತೆರಡು ವರ್ಷದ ಮೇಲೆ ಮೊದಲ ಸಲ ಅದನ್ನು ಮುಟ್ಟಿದಳು. ಕಿವಿಯ ಬುಡದಲ್ಲಿ ಓರೆಯಾಗಿದ್ದ ಪುಟ್ಟ ಹೆಬ್ಬೆರಳ ಗುರುತಿನ ಮೇಲೆ ತನ್ನ ಈಗಿನ ಹೆಬ್ಬೆರಳಿಟ್ಟಳು, ಹಿಡಿಸಲಿಲ್ಲ. ಕೊಡ ತಲೆಕೆಳಗು ಮಾಡಿ ತೂತಿನೊಳಗೆ ಕೈ ಹಾಕಿ ಅಂಚನ್ನು ಸುತ್ತ ಸವರಿದಳು. ಎಲ್ಲಿಯೂ ಒಂದು ಮುಕ್ಕಿಲ್ಲ, ಒಂದು ಸೀಳಿಲ್ಲ. ಸುಟ್ಟ ಕೊಡದ ತಳವನ್ನು ಹೀಗೆ ತೆಗೆಯಬೇಕಾದರೆ ಎಷ್ಟು ಹೊತ್ತು ಹಿಡಿದಿರಬೇಕು, ಎಷ್ಟು ಮೆಲ್ಲನೆ ಬಡಿದಿರಬೇಕು ಎಂದು ಅವಳ ಬೆರಳಿಗೆ ಗೊತ್ತಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇವನು ಒಡೆಯುವುದಕ್ಕೂ ವರುಷದ ತಾಳ್ಮೆ ತಂದಿದ್ದ. ಅಣ್ಣನ ಮೇಲೆ ಇಷ್ಟು ದಿನ ಪಟ್ಟ ಅನುಮಾನ ನೆನೆದು ಅವಳಿಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ಪ್ರೀತಿ ಉಕ್ಕಿತು.

“ನಿನ್ನ ಜನ್ಮದಲ್ಲಿ ಇಷ್ಟು ನೀಟಾದ ಕೆಲಸ ಮಾಡಿಲ್ಲ ನೀನು” ಎಂದಳು. “ನಾನು ಸತ್ತರೆ ಮಾತ್ರ ಇಷ್ಟು ಚೆನ್ನಾಗಿ ಮಾಡ್ತೀಯ ಅಂತಾಯ್ತು.”

ಮಾಂತಿಯಾಸ್ ಅಳುತ್ತಲೇ ನಕ್ಕ. ಗ್ಲುಕೆ ಸೆರಗಿನಿಂದ ಅವನ ತಲೆ ಒರೆಸುತ್ತ, “ಹತ್ತು ವರ್ಷ ನನಗೂ ಹೇಳಿಲ್ಲ ನೋಡು, ಕಲ್ಲುಗುಂಡು” ಎಂದು ಬೈದಳು. ಹಬ್ರೋ ಮಾತ್ರ ಬಿಲ್ಲೆ ಹಿಡಿದು ಕಂಬದ ಹಾಗೆ ನಿಂತಿದ್ದಳು.

“ಅತ್ತೆ” ಎಂದಳು ಫಿಲಿನ್ನ, ಇನ್ನೂ ಅತ್ತೆಯಾಗದವಳನ್ನು. “ಶಾಸ್ತ್ರ ಏನು ಹೇಳುತ್ತೆ? ಮದುವೆಕೊಡದಿಂದ ನೀರು ಮೈಮೇಲೆ ಬೀಳಬೇಕು ಅಂತ ತಾನೆ?”

“ಹೌದು.”

“ನೀರು ಕೊಡದಲ್ಲಿ ನಿಲ್ಲಬೇಕು ಅಂತ ಎಲ್ಲಾದ್ರೂ ಇದೆಯಾ?”

ಹಬ್ರೋ ಬಿಲ್ಲೆಯನ್ನು ಎತ್ತಿ ತೋರಿಸಿದಳು. “ಆ ತೂತು ಇರೋದು ಕೆಳಗಿರೋರಿಗೆ ನೀರು ಮುಟ್ಟಲಿ ಅಂತ” ಎಂದಳು.

“ಅವರಿಗೆ ಮುಟ್ಟಿತಲ್ಲ ಅತ್ತೆ. ಮೊದಲ ಕೊಡ ಪೂರ್ತಿ ಬೀದಿ ಮಣ್ಣೇ ಕುಡೀತು. ನನ್ನಪ್ಪನಿಗೆ, ನಿಮ್ಮ ಮೊದಲ ಸೊಸೆಗೆ, ಎಲ್ಲರಿಗೂ ಅವರ ಪಾಲು ಹೋಯ್ತು. ನಾವು ಮದುವೆ ಊಟಕ್ಕೆ ಮೊದಲು ಅವರ ಹೆಸರಲ್ಲಿ ನೆಲಕ್ಕೆ ಹುಯ್ಯಲ್ವಾ? ಇವತ್ತು ಅಣ್ಣ ತನ್ನ ಬೆನ್ನ ಮೇಲೆ ಹುಯ್ದ, ಅಷ್ಟೇ ವ್ಯತ್ಯಾಸ. ಇನ್ನು ಉಳಿದ ನೀರು ನಂದು.”

“ಉಳಿದ ನೀರು ಎಲ್ಲಿದೆ?” ಎಂದಳು ಗ್ಲುಕೆ. “ಮತ್ತೆ ಚಿಲುಮೆಗೆ ಹೋಗಿ ಬರೋದರಲ್ಲಿ ಸಂಜೆಯಾಗುತ್ತೆ.”

ಆಗ ಬಾಗಿಲಲ್ಲಿ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಏಳು ಜನರ ತಲೆಯ ಮೇಲೂ ತುಂಬಿದ ಕೊಡ.

“ಅಷ್ಟು ದೂರ ನಡೆದು ಬರಿ ತಲೇಲಿ ವಾಪಸು ಬರೋಕೆ ನಮಗೇನು ತಲೆ ಕೆಟ್ಟಿತ್ತಾ?” ಎಂದಳು ಮುಂದಿನವಳು. “ನಾಳೆ ಸಾರಿಗೆ ಅಂತ ತುಂಬ್ಕೊಂಡ್ವಿ. ಚಿಲುಮೆ ನೀರಲ್ಲಿ ಬೇಳೆ ಬೇಗ ಬೇಯುತ್ತೆ.”

ಏಳೂ ಕೊಡ ಸಾಲಾಗಿ ಅಂಗಳದಲ್ಲಿ ಇಳಿದವು. ಒಂದೊಂದಕ್ಕೂ ಮೂರು ಕಿವಿ, ಒಂದೊಂದು ಕಿವಿಯ ಬುಡದಲ್ಲೂ ಫಿಲಿನ್ನಳ ಹೆಬ್ಬೆರಳು. ಅವಳು ಹಚ್ಚಿದ ಇಪ್ಪತ್ತೊಂದು ಕಿವಿ ಹಿಡಿದು ಅವಳ ಮದುವೆಯ ನೀರು ಬಂದಿತ್ತು. ಅದನ್ನು ಕಂಡು ಅವಳಿಗೆ ಅಲ್ಲಿಯವರೆಗೆ ತಡೆದಿದ್ದ ಅಳು ಬಂದುಬಿಟ್ಟಿತು.

ಹಬ್ರೋ ಆ ಕೊಡಗಳನ್ನು ನೋಡಿದಳು, ಅಳುವವಳನ್ನು ನೋಡಿದಳು. ಬಿಲ್ಲೆಯನ್ನು ಕೈಯಲ್ಲಿ ಎರಡು ಸಲ ತಿರುಗಿಸಿದಳು.

“ನನ್ನ ಮಗನ ಮೊದಲ ಮದುವೇಲಿ ಎಲ್ಲ ಸರಿಯಾಗಿತ್ತು” ಎಂದಳು ಮೆಲ್ಲಗೆ. “ಕೊಡಕ್ಕೆ ತಳ ಇತ್ತು, ಯಾರೂ ಸೀನಲಿಲ್ಲ, ಎಲ್ಲ ಶಕುನ ನೋಡಿದ್ದೆ. ಆದ್ರೂ ಅವಳು ಉಳೀಲಿಲ್ಲ. ನೀನು ಗೋರಿ ಕೊಡ ಸಿದ್ಧ ಮಾಡಿದ ಮೇಲೂ ಎದ್ದು ಗಂಜಿ ಕೇಳಿದೋಳು. ಸಾವೇ ನಿನ್ನ ಮುಂದೆ ವಾಪಸು ಹೋಗಿರೋವಾಗ ನನ್ನ ಶಕುನ ಯಾವ ಮೂಲೆಗೆ.” ಬಿಲ್ಲೆಯನ್ನು ಒಲೆಯ ಪಕ್ಕದ ಬೂದಿಗೆಸೆದು ತೋಳು ಮೇಲೇರಿಸಿದಳು. “ನಡೀರಿ ಒಳಗೆ. ಒಂದು ಕಿವಿ ನಾನು ಹಿಡೀತೀನಿ.”

ಗಂಡಸನ್ನು ಹೊರಗೆ ಬಿಟ್ಟು ಮೀಯುವ ಮನೆಯ ಬಾಗಿಲು ಮುಚ್ಚಿತು. ಮಾಂತಿಯಾಸ್ ಕಂಬಳಿ ಹೊದ್ದುಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಒಳಗೆ ಒಂದು ಕಿವಿ ಹಬ್ರೋ, ಇನ್ನೊಂದು ಕಿವಿ ಗ್ಲುಕೆ ಹಿಡಿದು ತಳವಿಲ್ಲದ ಕೊಡವನ್ನು ಫಿಲಿನ್ನಳ ತಲೆಯ ಮೇಲೆ ಎತ್ತಿ ನಿಂತರು. ಹೆಂಗಸರು ಸ್ಟೂಲು ಹತ್ತಿ ಒಬ್ಬೊಬ್ಬರಾಗಿ ಅದರ ಉದ್ದ ಕುತ್ತಿಗೆಯೊಳಗೆ ನೀರು ಸುರಿಯತೊಡಗಿದರು. ಮೊದಲ ಧಾರೆಗೆ ಫಿಲಿನ್ನ ಹಾಕಿದ ಕೂಗು ಬೀದಿಯ ಕೊನೆಯವರೆಗೂ ಕೇಳಿಸಿತು. ಒಳಗೆಲ್ಲ ನಗು.

ಹೊರಗಿನವನಿಗೆ ನೀರಿನ ಸದ್ದು ಮಾತ್ರ. ತುಸು ಹೊತ್ತು ಕೇಳಿಸಿಕೊಂಡು ತಡೆಯಲಾರದೆ ಕೂಗಿದ.

“ಫಿಲಿನ್ನ, ಕೊಡದಲ್ಲಿ ನೀರು ಸ್ವಲ್ಪನಾದ್ರೂ ನಿಲ್ತಿದೆಯೇನೆ?”

“ಇಲ್ಲ ಅಣ್ಣ. ಎಲ್ಲ ಕೆಳಗೆ ಇಳೀತಿದೆ.”

ಮಾಂತಿಯಾಸ್ ತಲೆ ತಗ್ಗಿಸಿದ. ಬಾಗಿಲಾಚೆಯಿಂದ ಚಳಿಗೆ ನಡುಗುವ, ನಗುವ ದನಿ ಮತ್ತೆ ಬಂತು.

“ಕೆಳಗೆ ಮಣ್ಣಿಲ್ಲ ಅಣ್ಣ. ಕೆಳಗೆ ನಾನಿದ್ದೀನಿ.”

ಅವನು ತಿರುಗಿ ಹಣೆಯನ್ನು ಬಾಗಿಲಿಗೆ ಆನಿಸಿದ. ಆಮೇಲೆ ಮುಖ ಒರೆಸಿಕೊಂಡು, ಕೇರಿಗೆಲ್ಲ ಕೇಳುವ ಹಾಗೆ ಹೇಳಿದ:

“ಇನ್ನೊಂದು ಕೊಡ ಸುರೀರಮ್ಮ ಅವಳಿಗೆ.”